ಕರಾವಳಿಯ ಮಳೆಗೂ ಘಾಟಿಗೂ ಒಪ್ಪುವ ಟೈರ್: ಸ್ಪೋರ್ಟ್ಸ್ ಟೂರಿಂಗ್ ಬೈಕ್ ಮಾಲೀಕರಿಗೊಂದು ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆ ಸ್ಪೋರ್ಟ್ಸ್ ಟೂರಿಂಗ್ ಬೈಕ್ (ವೇಗಕ್ಕೂ ದೂರಪ್ರಯಾಣಕ್ಕೂ ಹೊಂದುವ ಬೈಕ್) ಇಟ್ಟುಕೊಂಡವರು ಟೈರ್ ಬದಲಿಸುವ ಹೊತ್ತಿಗೆ ಸಾಮಾನ್ಯವಾಗಿ ಕೇಳುವುದು ಎರಡು ಪ್ರಶ್ನೆ: ಎಷ್ಟು ಕಿಲೋಮೀಟರ್ ಬಾಳಿಕೆ ಬರುತ್ತದೆ, ಈಗಿನದಕ್ಕಿಂತ ಅಗಲದ್ದು ಹಾಕಬಹುದೇ. ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಒದ್ದೆಯಾದ ಕಾಂಕ್ರೀಟಿನ ಮೇಲೆ, ಹಿಂಬದಿ ಸವಾರರನ್ನೂ ಸಾಮಾನನ್ನೂ ಹೊತ್ತು, ಘಾಟಿಯ ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಹಿಡಿದಾಗ ಈ ಟೈರ್ ಹೇಗೆ ವರ್ತಿಸುತ್ತದೆ? ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುವ ಊರಿನಲ್ಲಿ ಟೈರ್ ಆಯ್ಕೆಯನ್ನು ಆ ನಾಲ್ಕು ತಿಂಗಳೇ ನಿರ್ಧರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಉಳಿದ ಎಂಟು ತಿಂಗಳ ಒಣ ರಸ್ತೆಯನ್ನು ಇಂದಿನ ಯಾವ ಒಳ್ಳೆಯ ಸ್ಪೋರ್ಟ್ಸ್ ಟೂರಿಂಗ್ ಟೈರ್ ಬೇಕಾದರೂ ನಿಭಾಯಿಸುತ್ತದೆ.

ಹಂತ 1: ಈಗಿರುವ ಟೈರನ್ನು ಪರೀಕ್ಷಿಸಿ

ಬೈಕನ್ನು ಪ್ಯಾಡಕ್ ಸ್ಟ್ಯಾಂಡ್ (ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ ಸ್ಟ್ಯಾಂಡ್) ಮೇಲೆ ನಿಲ್ಲಿಸಿ, ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ನೋಡಿ. ಟೈರಿನ ಪಕ್ಕದಲ್ಲಿ ಟಿಡಬ್ಲ್ಯುಐ ಎಂಬ ಅಕ್ಷರಗಳೋ ಸಣ್ಣ ತ್ರಿಕೋನವೋ ಇರುತ್ತದೆ. ಅದರ ನೇರಕ್ಕೆ ಟ್ರೆಡ್ಡಿನ, ಅಂದರೆ ನೆಲಕ್ಕೆ ತಾಗುವ ರಬ್ಬರಿನ, ತೋಡಿನೊಳಗೆ ಅಡ್ಡಲಾಗಿ ಒಂದು ಸಣ್ಣ ದಿಬ್ಬ ಕಾಣುತ್ತದೆ. ಸುತ್ತಲಿನ ರಬ್ಬರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದಿದ್ದರೆ ಟೈರಿನ ಆಯುಷ್ಯ ಮುಗಿದಿದೆ, ಅದರಲ್ಲಿ ಚರ್ಚೆಗೆ ಅವಕಾಶವಿಲ್ಲ. ಆದರೆ ನಮ್ಮಲ್ಲಿ ಅಲ್ಲಿಯವರೆಗೆ ಕಾಯಬಾರದು. ಟ್ರೆಡ್ ಆಳ ಅಳೆಯುವ ಸಣ್ಣ ಗೇಜ್ ಬಿಡಿಭಾಗಗಳ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದರಿಂದ ನಡುಭಾಗದಲ್ಲೂ ಎರಡೂ ಬದಿಗಳಲ್ಲೂ ಅಳೆಯಿರಿ. ಮೇ ತಿಂಗಳ ಹೊತ್ತಿಗೆ ನಡುಭಾಗದ ಆಳ 2 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಮಳೆ ಹಿಡಿಯುವ ಮುನ್ನವೇ ಬದಲಿಸಿ. ಟ್ರೆಡ್ಡಿನ ತೋಡುಗಳು ಇರುವುದೇ ಟೈರಿನ ಅಡಿಗೆ ಸಿಕ್ಕಿದ ನೀರನ್ನು ಆಚೆ ತಳ್ಳುವುದಕ್ಕೆ. ಆಳ ಕಡಿಮೆಯಾದಂತೆ ಆ ಸಾಮರ್ಥ್ಯವೂ ಇಳಿಯುತ್ತದೆ, ಕೊನೆಗೆ ಟೈರ್ ರಸ್ತೆಯನ್ನು ಬಿಟ್ಟು ನೀರಿನ ಪದರದ ಮೇಲೆ ತೇಲತೊಡಗುತ್ತದೆ.

ಸವೆತದ ಆಕಾರವೂ ಮುಖ್ಯ. ಪ್ರತಿದಿನ ಉಡುಪಿಯಿಂದ ಮಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗಿ ಬರುವವರ ಬೈಕಿನ ಹಿಂದಿನ ಟೈರ್ ನಡುಭಾಗದಲ್ಲಿ ಮಾತ್ರ ಸವೆದು ಚಪ್ಪಟೆಯಾಗಿರುತ್ತದೆ, ಬದಿಗಳಲ್ಲಿ ರಬ್ಬರ್ ಹಾಗೆಯೇ ಉಳಿದಿರುತ್ತದೆ. ಇಂಥ ಟೈರ್ ಹೆದ್ದಾರಿಯಲ್ಲಿ ಯಾವ ಸುಳಿವನ್ನೂ ಕೊಡುವುದಿಲ್ಲ. ಘಾಟಿ ಹತ್ತಿದಾಗ ಬೈಕ್ ಮೊದಲು ವಾಲಲು ಒಪ್ಪದೆ, ಚಪ್ಪಟೆ ಭಾಗದ ಅಂಚು ದಾಟಿದ ಕೂಡಲೇ ಒಮ್ಮೆಲೇ ಒಳಕ್ಕೆ ಬೀಳುವಂತಾಗುತ್ತದೆ. ಮುಂದಿನ ಟೈರಿನ ಮೇಲೆ ಅಂಗೈಯನ್ನು ಎರಡೂ ದಿಕ್ಕಿಗೆ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪಾಗಿಯೂ ಇನ್ನೊಂದು ದಿಕ್ಕಿಗೆ ಮೆಟ್ಟಿಲು ಮೆಟ್ಟಿಲಾಗಿಯೂ ಸಿಕ್ಕಿದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೋ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ದೋಷವೋ ಕಾರಣವಾಗಿರಬಹುದು. ಆ ಕಾರಣವನ್ನು ಸರಿಪಡಿಸದೆ ಹೊಸ ಟೈರ್ ಹಾಕಿದರೆ ಅದೂ ಹಾಗೆಯೇ ಸವೆಯುತ್ತದೆ.

ಟ್ರೆಡ್ ಚೆನ್ನಾಗಿದ್ದರೂ ವಯಸ್ಸಾದ ಟೈರನ್ನು ನಂಬಬಾರದು. ಐದು ವರ್ಷ ದಾಟಿದ ಟೈರನ್ನು ಪ್ರತಿವರ್ಷ ಪರೀಕ್ಷಿಸಬೇಕೆಂದು ತಯಾರಕರು ಹೇಳುತ್ತಾರೆ. ಬೈಕ್ ತಿಂಗಳುಗಟ್ಟಲೆ ನಿಂತೇ ಇರುವ ಮನೆಯಲ್ಲಾದರೆ ಐದು ವರ್ಷಕ್ಕೇ ಬದಲಿಸಿ ಎನ್ನುತ್ತೇನೆ. ಬದಿಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ವಯಸ್ಸನ್ನು ಲೆಕ್ಕಿಸುವ ಅಗತ್ಯವೂ ಇಲ್ಲ.

ಹಂತ 2: ನಿಮ್ಮ ರಸ್ತೆಗಳನ್ನು ಪಟ್ಟಿ ಮಾಡಿ

ವರ್ಷದಲ್ಲಿ ನೀವು ನಿಜವಾಗಿ ಓಡಿಸುವ ರಸ್ತೆಗಳು ಯಾವುವು ಎಂಬುದನ್ನು ಒಂದು ಕಾಗದದ ಮೇಲೆ ಬರೆಯಿರಿ. ಓಡಿಸಬೇಕೆಂದು ಆಸೆಪಡುವ ರಸ್ತೆಗಳನ್ನು ಇದರಲ್ಲಿ ಸೇರಿಸಬೇಡಿ. ಮಂಗಳೂರು ನಗರದೊಳಗಿನ ಕಾಂಕ್ರೀಟ್ ರಸ್ತೆಗಳು ಹಳೆಯದಾದಂತೆ ಮೇಲ್ಮೈ ನುಣುಪಾಗಿ, ಮೊದಲ ಮಳೆಗೇ ಜಾರುತ್ತವೆ. ಬೆಂಗಳೂರಿಗೆ ಹೋಗುವ ಶಿರಾಡಿ ಘಾಟಿಯೂ ಕಾಂಕ್ರೀಟೇ, ಅಲ್ಲಿ ಲಾರಿಗಳಿಂದ ಸೋರಿದ ಡೀಸೆಲ್ ಮತ್ತು ಆಯಿಲ್ ಕೂಡ ಸೇರಿಕೊಳ್ಳುತ್ತದೆ. ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಗೆ ಏರುವಾಗ ಹದಿನಾಲ್ಕು ಹೇರ್‌ಪಿನ್ ತಿರುವುಗಳು ಎದುರಾಗುತ್ತವೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆ ಕಾಡಿನಲ್ಲಿ ಬಿಸಿಲು ಬೀಳದ ರಸ್ತೆಯಂಚಿಗೆ ಹಾವಸೆ ಹಿಡಿದಿರುತ್ತದೆ, ಜೋರು ಮಳೆ ಬಂದಾಗ ತಿರುವಿನ ಒಳಬದಿಯಿಂದ ಹೊರಬದಿಗೆ ನೀರು ಮಣ್ಣು, ತರಗೆಲೆಗಳ ಸಮೇತ ಅಡ್ಡಲಾಗಿ ಹರಿಯುತ್ತದೆ. ಚಾರ್ಮಾಡಿ, ಹುಲಿಕಲ್, ಕಾರ್ಕಳದಿಂದ ಕುದುರೆಮುಖಕ್ಕೆ ಹೋಗುವ ಮಾಳದ ದಾರಿ, ಇವೆಲ್ಲವೂ ಹೆಚ್ಚುಕಡಿಮೆ ಇದೇ ಸ್ವಭಾವದವು.

ಹೆದ್ದಾರಿಯಲ್ಲಿ ಇನ್ನೊಂದು ಅಪಾಯವಿದೆ, ಅದು ಹೊರಗಿನವರು ಬರೆದ ಟೈರ್ ವಿಮರ್ಶೆಗಳಲ್ಲಿ ಎಂದೂ ಬರುವುದಿಲ್ಲ. ಮಲ್ಪೆ ಬಂದರಿನಿಂದಲೂ ಮಂಗಳೂರಿನ ಧಕ್ಕೆಯಿಂದಲೂ ಹೊರಡುವ ಮೀನಿನ ಲಾರಿಗಳು ದಾರಿಯುದ್ದಕ್ಕೂ ಸುರಿಸುವ ನೀರು ಬರೀ ನೀರಲ್ಲ. ಅದರಲ್ಲಿ ಮೀನಿನ ಜಿಡ್ಡೂ ಇರುತ್ತದೆ, ವೃತ್ತಗಳಲ್ಲಿ ಮತ್ತು ಸರ್ವಿಸ್ ರಸ್ತೆಗೆ ತಿರುಗುವ ಕಡೆಗಳಲ್ಲಿ ಲಾರಿ ವಾಲಿದಾಗ ಅದು ಹೆಚ್ಚಾಗಿ ಚೆಲ್ಲುತ್ತದೆ. ಬಿಸಿಲಿನ ದಿನವೂ ಅಲ್ಲಿ ರಸ್ತೆ ಜಾರುತ್ತದೆ. ಮರವಂತೆಯ ಕಡಲ ಬದಿಯಲ್ಲಿ ಗಾಳಿ ರಸ್ತೆಗೆ ಮರಳು ತಂದು ಹಾಕುವುದನ್ನೂ ಗಮನದಲ್ಲಿಡಿ. ಒದ್ದೆಯಲ್ಲಿ, ತಣ್ಣಗಿದ್ದಾಗಲೂ ಹಿಡಿತ ಕೊಡುವ ರಬ್ಬರ್ ನಮಗೆ ಬೇಕಾಗಿರುವುದು ಈ ಎಲ್ಲ ಕಾರಣಗಳಿಂದ.

ಹಂತ 3: ಟೈರಿನ ಮೇಲಿನ ಅಂಕಿಗಳನ್ನು ಅರ್ಥಮಾಡಿಕೊಳ್ಳಿ

ಉದಾಹರಣೆಗೆ 180/55 ಝಡ್‌ಆರ್ 17 (73ಡಬ್ಲ್ಯು) ಎಂದು ಬರೆದಿದೆ ಎನ್ನಿ. 180 ಎಂದರೆ ಮಿಲಿಮೀಟರ್ ಲೆಕ್ಕದಲ್ಲಿ ಟೈರಿನ ಅಗಲ. 55 ಎಂದರೆ ಬದಿಯ ಎತ್ತರವು ಅಗಲದ ಶೇ. 55ರಷ್ಟು ಎಂದರ್ಥ, ಅಂದರೆ 99 ಮಿಲಿಮೀಟರ್. ಝಡ್ ಹೆಚ್ಚಿನ ವೇಗದ ಟೈರಿನ ಗುರುತು. ಆರ್ ಅಕ್ಷರ ರೇಡಿಯಲ್ ರಚನೆಯನ್ನೂ (ಒಳಗಿನ ಎಳೆಗಳು ಅಡ್ಡಕ್ಕೆ ನೇರವಾಗಿರುವುದು) 17 ಎಂಬುದು ಇಂಚಿನಲ್ಲಿ ರಿಮ್ಮಿನ ವ್ಯಾಸವನ್ನೂ ಸೂಚಿಸುತ್ತವೆ. 73 ಭಾರದ ಸೂಚ್ಯಂಕ, ಅಂದರೆ ಟೈರ್ 365 ಕಿಲೋಗ್ರಾಂವರೆಗೆ ಹೊರಬಲ್ಲದು. ಡಬ್ಲ್ಯು ಅಕ್ಷರ ಗಂಟೆಗೆ 270 ಕಿಲೋಮೀಟರ್ ವೇಗಕ್ಕೆ ಸಲ್ಲುತ್ತದೆ, ಆವರಣದೊಳಗೆ ಇದ್ದರೆ ಅದಕ್ಕೂ ಮೀರಿದ ವೇಗವನ್ನು ತಡೆಯುತ್ತದೆ ಎಂದು ತಿಳಿಯಬೇಕು. ಇದೇ ರೀತಿ ಎಚ್ ಎಂದರೆ 210, ವಿ ಎಂದರೆ 240. ಭಾರದ ಸೂಚ್ಯಂಕಗಳಲ್ಲಿ 58 ಎಂದರೆ 236 ಕಿಲೋ, 66 ಎಂದರೆ 300 ಕಿಲೋ, 69 ಎಂದರೆ 325 ಕಿಲೋ.

ನಮ್ಮ ಹೆದ್ದಾರಿಯಲ್ಲಿ ಆ ವೇಗಕ್ಕೆ ಯಾರೂ ಹೋಗುವುದಿಲ್ಲ, ಹಾಗಾಗಿ ಕಡಿಮೆ ದರ್ಜೆಯ ಟೈರ್ ಸಾಕು ಎಂಬ ವಾದವನ್ನು ಆಗಾಗ ಕೇಳುತ್ತೇವೆ. ಅದು ಸರಿಯಲ್ಲ. ಆ ಅಕ್ಷರ ಟೈರ್ ಎಷ್ಟು ಶಾಖವನ್ನೂ ಒತ್ತಡವನ್ನೂ ತಾಳಬಲ್ಲದು ಎಂಬುದರ ಅಳತೆ. ಏಪ್ರಿಲ್ ಮಧ್ಯಾಹ್ನದ ಡಾಂಬರಿನ ಮೇಲೆ ಇಬ್ಬರನ್ನೂ ಮೂರು ಪೆಟ್ಟಿಗೆಗಳನ್ನೂ ಹೊತ್ತ ಬೈಕಿಗೆ ಆ ತಾಳಿಕೆ ಬೇಕೇ ಬೇಕು. ಮಾಲೀಕರ ಕೈಪಿಡಿಯಲ್ಲಿ ಹೇಳಿದ ಭಾರ ಮತ್ತು ವೇಗದ ದರ್ಜೆಗಿಂತ ಕೆಳಗಿನದನ್ನು ಹಾಕಬೇಡಿ, ಮೇಲಿನದನ್ನು ಹಾಕಬಹುದು.

ಅಗಲದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಡೊಮಿನಾರ್ 400, ಅಪಾಚೆ ಆರ್‌ಆರ್ 310 ಮುಂತಾದ ಬೈಕುಗಳಿಗೆ ಕಂಪನಿ ಕೊಡುವುದು ಮುಂದೆ 110/70, ಹಿಂದೆ 150/60. ಕವಾಸಾಕಿ ನಿಂಜಾ 650, ವರ್ಸಿಸ್ 650 ಬೈಕುಗಳಿಗೆ 120/70 ಮತ್ತು 160/60. ನಿಂಜಾ 1000 ಎಸ್‌ಎಕ್ಸ್‌ಗೆ 120/70 ಮತ್ತು 190/50. ನೋಟಕ್ಕಾಗಿ ಇದಕ್ಕಿಂತ ಅಗಲದ ಟೈರನ್ನು ಅದೇ ರಿಮ್ಮಿಗೆ ಹಾಕಿದಾಗ ಬದಿಗಳು ಒಳಕ್ಕೆ ಎಳೆಯಲ್ಪಟ್ಟು ಟೈರಿನ ದುಂಡಗಿನ ಆಕಾರ ಕೆಡುತ್ತದೆ, ತಯಾರಕರು ಲೆಕ್ಕಹಾಕಿ ಕೊಟ್ಟ ಸ್ಪರ್ಶಭಾಗ ನಿಮಗೆ ಸಿಗುವುದಿಲ್ಲ, ಬೈಕ್ ತಿರುಗುವುದೂ ನಿಧಾನವಾಗುತ್ತದೆ. ಒದ್ದೆ ರಸ್ತೆಯಲ್ಲಿ ಅಗಲದ ಟೈರ್ ಹೆಚ್ಚು ನೀರನ್ನು ಸರಿಸಬೇಕಾಗುತ್ತದೆ ಎಂಬುದನ್ನೂ ಮರೆಯಬಾರದು. 190/50 ಬದಲಿಗೆ 190/55 ಹಾಕುವವರು ಅನೇಕರಿದ್ದಾರೆ. ಆಗ ಬದಿಯ ಎತ್ತರ 95ರಿಂದ 104.5 ಮಿಲಿಮೀಟರಿಗೆ ಏರಿ, ಚಕ್ರದ ವ್ಯಾಸ 19 ಮಿಲಿಮೀಟರ್ ಹೆಚ್ಚಾಗುತ್ತದೆ. ಬೈಕಿನ ಹಿಂಭಾಗ ಎತ್ತರವಾಗಿ ತಿರುವಿಗೆ ಚುರುಕಾಗುತ್ತದೆ ನಿಜ. ಆದರೆ ಮುಂದಿನ ಮತ್ತು ಹಿಂದಿನ ಚಕ್ರಗಳು ತಿರುಗುವ ವೇಗವನ್ನು ಹೋಲಿಸಿ, ಹಿಂದಿನ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ವ್ಯವಸ್ಥೆ ಆ ಬದಲಾವಣೆಯನ್ನು ಒಪ್ಪುತ್ತದೆಯೇ, ಮಡ್‌ಗಾರ್ಡಿಗೂ ಚೈನಿಗೂ ಟೈರ್ ತಗಲುವುದೇ ಎಂಬುದನ್ನು ಮೊದಲು ಖಾತರಿಪಡಿಸಿಕೊಳ್ಳಬೇಕು. ಮಳೆಗಾಲದ ಘಾಟಿಯಲ್ಲಿ ಎಲೆಕ್ಟ್ರಾನಿಕ್ಸ್ ಸರಿಯಾಗಿ ಕೆಲಸ ಮಾಡುವುದು ಈ ಸಣ್ಣ ಚುರುಕಿಗಿಂತ ದೊಡ್ಡದು, ಆದ್ದರಿಂದ ಕಂಪನಿಯ ಅಳತೆಯಲ್ಲೇ ಇರಿ ಎಂದು ನನ್ನ ಸಲಹೆ.

ಹಂತ 4: ಟೈರಿನ ಬಗೆಯನ್ನು ಆರಿಸಿ

ಹೈಪರ್ ಸ್ಪೋರ್ಟ್ಸ್ ಟೈರ್ ಮೃದುವಾದ ರಬ್ಬರಿನದು. ಬಿಸಿಯಾದ ಮೇಲೆ ಅದಕ್ಕೆ ಸಾಟಿಯಿಲ್ಲ, ಆದರೆ ಸುರಿಯುವ ಮಳೆಯಲ್ಲಿ ಅದು ಬಿಸಿಯಾಗುವುದೇ ಕಷ್ಟ, ತೋಡುಗಳೂ ಕಡಿಮೆ, ಬೇಗ ಸವೆದೂ ಹೋಗುತ್ತದೆ. ಅಡ್ವೆಂಚರ್ ಬೈಕುಗಳ ದಪ್ಪ ಗುಬಟಿನ ಟೈರ್ ಕೆಸರಿಗೆ ಒಳ್ಳೆಯದು, ಒದ್ದೆ ಕಾಂಕ್ರೀಟಿನ ಮೇಲೆ ಅದನ್ನು ವಾಲಿಸಲು ಧೈರ್ಯ ಬರುವುದಿಲ್ಲ. ನಮ್ಮ ಉದ್ದೇಶಕ್ಕೆ ಸ್ಪೋರ್ಟ್ಸ್ ಟೂರಿಂಗ್ ವರ್ಗವೇ ಸರಿ.

ಈ ವರ್ಗದೊಳಗೆ ಮೂರು ಸಂಗತಿಗಳನ್ನು ನೋಡಬೇಕು. ಮೊದಲನೆಯದು ಸಿಲಿಕಾ. ರಬ್ಬರಿಗೆ ಇಂಗಾಲದ ಕಪ್ಪಿನ (ಕಾರ್ಬನ್ ಬ್ಲ್ಯಾಕ್ ಪುಡಿಯ) ಜೊತೆಗೆ ಅಥವಾ ಅದರ ಬದಲಿಗೆ ಸಿಲಿಕಾ ಸೇರಿಸಿದಾಗ ಅದು ತಂಪಿನಲ್ಲೂ ಬಿಗಿಯಾಗದೆ ಉಳಿದು, ರಸ್ತೆಯ ಸಣ್ಣ ತಗ್ಗುದಿಣ್ಣೆಗಳಿಗೆ ಹೊಂದಿಕೊಂಡು ಒದ್ದೆಯಲ್ಲಿ ಹಿಡಿತ ಕೊಡುತ್ತದೆ. ಸಿಲಿಕಾ ಹೆಚ್ಚಿರುವ ಮಿಶ್ರಣ ಎಂದು ತಯಾರಕರೇ ಹೇಳಿಕೊಂಡಿರುವ ಮಾದರಿಗಳಿಗೆ ಆದ್ಯತೆ ಕೊಡಿ. ಎರಡನೆಯದು ಡ್ಯುಯಲ್ ಕಾಂಪೌಂಡ್ ರಚನೆ: ನಡುವೆ ಗಟ್ಟಿ ರಬ್ಬರ್, ಬದಿಗಳಲ್ಲಿ ಮೃದು ರಬ್ಬರ್. ಹೆದ್ದಾರಿಯ ನೇರ ಓಟಕ್ಕೆ ನಡುಭಾಗ ಬಾಳಿಕೆ ಕೊಟ್ಟರೆ, ಘಾಟಿಯ ತಿರುವಿಗೆ ಬದಿ ಹಿಡಿತ ಕೊಡುತ್ತದೆ. ವಾರದ ಐದು ದಿನ ಹೆದ್ದಾರಿ, ಭಾನುವಾರ ಘಾಟಿ ಎನ್ನುವವರಿಗೆ ಹೇಳಿ ಮಾಡಿಸಿದ ರಚನೆ ಇದು. ಮೂರನೆಯದು ತೋಡುಗಳ ವಿನ್ಯಾಸ. ಬೈಕ್ ನೆಟ್ಟಗಿದ್ದಾಗ ನೆಲಕ್ಕೆ ತಾಗುವ ನಡುಭಾಗದವರೆಗೂ ತೋಡುಗಳು ಬಂದಿವೆಯೇ, ವಾಲಿದಾಗ ತಾಗುವ ಭಾಗದಲ್ಲೂ ಸಾಕಷ್ಟು ಇವೆಯೇ ಎಂದು ನೋಡಿ. ಕೆಲವು ಟೈರುಗಳಲ್ಲಿ ಚಾಕುವಿನಿಂದ ಸೀಳಿದಂಥ ತೆಳು ಸೀಳುಗಳೂ ಇರುತ್ತವೆ, ನೀರಿನ ಪದರವನ್ನು ಕತ್ತರಿಸುವುದು ಅವುಗಳ ಕೆಲಸ.

ಭಾರೀ ಬೈಕಿನಲ್ಲಿ ಸದಾ ಇಬ್ಬರು ಹೋಗುವವರು ಅದೇ ಮಾದರಿಯ ಜಿಟಿ ಆವೃತ್ತಿ ಇದೆಯೇ ಎಂದು ವಿಚಾರಿಸಿ. ಟ್ರೆಡ್ ಒಂದೇ ರೀತಿ ಇದ್ದರೂ ಒಳಗಿನ ಕಟ್ಟುಹಂದರ ಹೆಚ್ಚು ಗಟ್ಟಿಯಾಗಿರುತ್ತದೆ. ಹಗುರ ಬೈಕಿಗೆ ಅದನ್ನು ಹಾಕಿದರೆ ಸವಾರಿ ಒರಟಾಗುತ್ತದೆ, ಅಷ್ಟೇ.

ಮುಂದೆ ಒಂದು ಕಂಪನಿ, ಹಿಂದೆ ಇನ್ನೊಂದು ಕಂಪನಿ ಬೇಡ. ರೇಡಿಯಲ್ ಜೊತೆಗೆ ಬಯಾಸ್ (ಒಳಗಿನ ಎಳೆಗಳು ಓರೆಯಾಗಿರುವ) ಟೈರಂತೂ ಬೇಡವೇ ಬೇಡ. ಹಿಂದಿನದು ಸವೆದಾಗ ಮುಂದಿನದು ಅರ್ಧ ಉಳಿದಿದ್ದರೆ ಅದೇ ಮಾದರಿಯ ಹಿಂದಿನ ಟೈರನ್ನು ಮಾತ್ರ ಬದಲಿಸಬಹುದು. ಎದುರಿಗೆ ಮಳೆಗಾಲ ಇದ್ದರೆ ಎರಡನ್ನೂ ಒಟ್ಟಿಗೆ ಬದಲಿಸುವುದು ಮೇಲು, ಏಕೆಂದರೆ ಹಿಂದಿನ ಟೈರ್ ಜಾರಿದಾಗ ಕೆಲವೊಮ್ಮೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಆ ಅವಕಾಶ ಬಹಳ ವಿರಳ.

ಹಂತ 5: ಮಾದರಿ ಮತ್ತು ಲಭ್ಯತೆ

ಮಿಶೆಲಿನ್ ರೋಡ್ 5 ಮತ್ತು ರೋಡ್ 6, ಪಿರೆಲ್ಲಿ ಏಂಜೆಲ್ ಜಿಟಿ 2, ಮೆಟ್ಜೆಲರ್ ರೋಡ್‌ಟೆಕ್ 01, ಬ್ರಿಜ್‌ಸ್ಟೋನ್ ಬ್ಯಾಟ್ಲಾಕ್ಸ್ ಟಿ32, ಕಾಂಟಿನೆಂಟಲ್ ರೋಡ್‌ಅಟ್ಯಾಕ್ 4, ಡನ್ಲಪ್ ರೋಡ್‌ಸ್ಮಾರ್ಟ್ 4 ಈ ವರ್ಗದ ಪ್ರಸಿದ್ಧ ಹೆಸರುಗಳು. ನಮ್ಮ ದೇಶದ ಕಂಪನಿಗಳಲ್ಲಿ ಅಪೋಲೊ ಆಲ್ಫಾ ಎಚ್1, ಟಿವಿಎಸ್ ಯೂರೋಗ್ರಿಪ್ ರೋಡ್‌ಹೌಂಡ್, ಎಂಆರ್‌ಎಫ್ ಸ್ಟೀಲ್ ಬ್ರೇಸ್, ಸಿಯೆಟ್ ಸ್ಪೋರ್ಟ್‌ರ್ಯಾಡ್ ಇವೆ. ಎಲ್ಲ ಮಾದರಿಗಳೂ ಎಲ್ಲ ಅಳತೆಗಳಲ್ಲಿ ಸಿಗುವುದಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ದೊಡ್ಡ ಬೈಕುಗಳ ವಿದೇಶಿ ಟೈರಿಗೆ ಕಾಯುವುದು ಸಾಮಾನ್ಯವಾಯಿತು. ಭಾರತೀಯ ಕಂಪನಿಗಳು ಈ ಅಳತೆಗಳಿಗೆ ಕೈಹಾಕಿದ್ದು ನಮ್ಮಂಥವರಿಗೆ ನಿಜಕ್ಕೂ ಒಳ್ಳೆಯದಾಯಿತು. 150/60ರ ಅಳತೆಯ ಬೈಕುಗಳಿಗೆ ದೇಶೀಯ ರೇಡಿಯಲ್‌ಗಳನ್ನೇ ಮೊದಲು ಪರಿಗಣಿಸಿ. 180, 190ರ ಅಳತೆಗಳು ಮಂಗಳೂರಿನ ಅಂಗಡಿಯಲ್ಲಿ ಸಿದ್ಧವಾಗಿ ಸಿಗದೆ ಬೆಂಗಳೂರಿನಿಂದ ತರಿಸಬೇಕಾಗಿ ಬರಬಹುದು, ಆದ್ದರಿಂದ ಏಪ್ರಿಲ್‌ನಲ್ಲೇ ಆರ್ಡರ್ ಕೊಟ್ಟುಬಿಡಿ.

ಹಂತ 6: ಕೊಳ್ಳುವಾಗ ನೋಡಬೇಕಾದುದು

ಹಣ ಕೊಡುವ ಮೊದಲು ಟೈರಿನ ಬದಿಯಲ್ಲಿ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿರುವ ನಾಲ್ಕು ಅಂಕಿಗಳನ್ನು ಓದಿ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಒಂದು ವರ್ಷದೊಳಗಿನದು ಉತ್ತಮ, ಎರಡು ವರ್ಷದವರೆಗೆ ಒಪ್ಪಬಹುದು, ಅದಕ್ಕಿಂತ ಹಳೆಯದನ್ನು ರಿಯಾಯಿತಿ ಕೊಟ್ಟರೂ ನಾನು ಕೊಳ್ಳುವುದಿಲ್ಲ. ಮುಂದಿನ ಮತ್ತು ಹಿಂದಿನ ಟೈರಿನ ದಿನಾಂಕಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಐಎಸ್‌ಐ ಮುದ್ರೆ ಇರುವುದನ್ನೂ ಖಾತರಿಪಡಿಸಿಕೊಳ್ಳಿ, ವಿದೇಶಿ ಟೈರಿಗೂ ಅದು ಕಡ್ಡಾಯ. ಬಿಲ್ಲಿನಲ್ಲಿ ಮಾದರಿಯ ಹೆಸರು, ಅಳತೆ ಮತ್ತು ತಯಾರಿಕೆಯ ವಾರವನ್ನು ಬರೆಸಿಕೊಂಡರೆ ಮುಂದೆ ದೋಷ ಕಂಡುಬಂದಾಗ ಮಾತಿಗೆ ಆಧಾರವಿರುತ್ತದೆ.

ಹಂತ 7: ಅಳವಡಿಕೆ

ಒಳ್ಳೆಯ ಟೈರನ್ನು ಕೆಟ್ಟ ಕೈಗೆ ಕೊಟ್ಟರೆ ರಿಮ್ ಗೀಚಿ, ಬೀಡ್ (ರಿಮ್ಮಿಗೆ ಕೂರುವ ಟೈರಿನ ಅಂಚು) ಹರಿದು ಬರುತ್ತದೆ. ಬೈಕಿನ ರಿಮ್ಮಿಗೆ ಹೊಂದುವ ಟೈರ್ ಬಿಚ್ಚುವ ಯಂತ್ರವೂ ಚಕ್ರ ಬ್ಯಾಲೆನ್ಸ್ ಮಾಡುವ ಸಾಧನವೂ ಇರುವ ಅಂಗಡಿಗೇ ಹೋಗಿ, ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಿ.

ಹಳೆಯ ಟೈರ್ ಕಳಚಿದ ಕೂಡಲೇ ರಿಮ್ಮಿನ ಒಳ ಅಂಚನ್ನು, ಅಂದರೆ ಬೀಡ್ ಕೂರುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಕಡಲ ಗಾಳಿಯ ಉಪ್ಪಿನಿಂದ ಅಲ್ಯೂಮಿನಿಯಂ ಅಲ್ಲಲ್ಲಿ ಉಬ್ಬಿ, ಬಣ್ಣ ಎದ್ದು, ಕೆಳಗೆ ಬಿಳಿಯ ಪುಡಿ ಕಟ್ಟಿರುವುದು ನಮ್ಮ ಊರಿನ ಬೈಕುಗಳಲ್ಲಿ ಮಾಮೂಲು. ಪಂಕ್ಚರ್ ಇಲ್ಲದೆಯೂ ವಾರಕ್ಕೆ ನಾಲ್ಕೈದು ಪಿಎಸ್‌ಐ ಗಾಳಿ ಇಳಿಯುವುದಕ್ಕೆ ಅನೇಕ ಸಲ ಇದೇ ಕಾರಣ. ಆ ಪುಡಿಯನ್ನು ನಯವಾದ ಉಜ್ಜುಗಾಗದದಿಂದ ಪೂರ್ತಿ ತೆಗೆದು ಒರೆಸಿದ ಮೇಲೆಯೇ ಹೊಸ ಟೈರ್ ಕೂರಿಸಬೇಕು. ವಾಲ್ವನ್ನೂ ಅದೇ ಹೊತ್ತಿಗೆ ಬದಲಿಸಿ, ಬೇರಿಂಗ್ ಕೈಯಿಂದ ತಿರುಗಿಸಿ ಕರಕರ ಎನ್ನುತ್ತದೆಯೇ ನೋಡಿ. ಟೈರಿನ ಬದಿಯಲ್ಲಿರುವ ಬಾಣ ಚಕ್ರ ತಿರುಗುವ ದಿಕ್ಕಿಗೇ ಇರಬೇಕು. ಮುಂದಿನ ಮತ್ತು ಹಿಂದಿನ ಟೈರುಗಳ ಟ್ರೆಡ್ ವಿನ್ಯಾಸ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಕಂಡರೆ ಗಾಬರಿಯಾಗಬೇಡಿ, ಬಾಣವನ್ನೇ ನಂಬಿ. ಬಣ್ಣದ ಚುಕ್ಕೆಯಿದ್ದರೆ ಅದು ವಾಲ್ವಿನ ನೇರಕ್ಕೆ ಬರಬೇಕು.

ಚಕ್ರ ಜೋಡಿಸುವಾಗ ಎಬಿಎಸ್ ಸೆನ್ಸರಿಗೆ ಪೆಟ್ಟಾಗದಂತೆ ಎಚ್ಚರವಹಿಸಿ, ಆಕ್ಸಲ್ ನಟ್ಟನ್ನು ಕೈಪಿಡಿಯ ಲೆಕ್ಕದಂತೆ ಟಾರ್ಕ್ ರೆಂಚಿನಿಂದ ಬಿಗಿಸಲು ಹೇಳಿ, ಚೈನಿನ ಸಡಿಲವನ್ನು ಮತ್ತೆ ಹೊಂದಿಸಿ. ಅಂಗಡಿಯಿಂದ ಹೊರಡುವ ಮೊದಲು ಎರಡೂ ಬ್ರೇಕುಗಳನ್ನು ನಾಲ್ಕೈದು ಸಲ ಒತ್ತಿ ಬಿಗಿ ಬರಿಸಿಕೊಳ್ಳಿ. ಚಕ್ರ ಕಳಚಿದಾಗ ಪ್ಯಾಡ್‌ಗಳು ಹಿಂದಕ್ಕೆ ಸರಿದಿರುವುದರಿಂದ ಮೊದಲ ಒತ್ತಿಗೆ ಬ್ರೇಕ್ ಸಿಗದೆ ಹೋಗಬಹುದು.

ಹಂತ 8: ಮೊದಲ ಇನ್ನೂರು ಕಿಲೋಮೀಟರ್, ಆನಂತರದ ಆರೈಕೆ

ಹೊಸ ಟೈರಿನ ಮೇಲ್ಮೈ ನುಣುಪಾಗಿರುತ್ತದೆ. ಸುಮಾರು 200 ಕಿಲೋಮೀಟರ್ ಓಡುವವರೆಗೆ ಗಟ್ಟಿ ಬ್ರೇಕ್, ಜೋರು ಆಕ್ಸಲರೇಟರ್, ಆಳವಾದ ವಾಲುವಿಕೆ ಬೇಡ. ಪ್ರತಿ ತಿರುವಿನಲ್ಲಿ ವಾಲುವ ಕೋನವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದರೆ ಬದಿಗಳೂ ಹದಕ್ಕೆ ಬರುತ್ತವೆ. ಮೇ ತಿಂಗಳಲ್ಲೇ ಟೈರ್ ಬದಲಿಸಬೇಕೆನ್ನುವುದಕ್ಕೆ ಇದು ಇನ್ನೊಂದು ಕಾರಣ: ಈ ಹದಗೊಳ್ಳುವ ಕೆಲಸ ಒಣ ರಸ್ತೆಯಲ್ಲಿ ಮುಗಿದಿರಬೇಕು. ಬೈಕ್ ತೊಳೆಯುವ ಕಡೆ ಟೈರಿಗೆ ಹಚ್ಚುವ ಹೊಳಪಿನ ದ್ರವವನ್ನು ಟ್ರೆಡ್ಡಿಗೆ ತಾಗಿಸಲು ಬಿಡಬೇಡಿ.

ಗಾಳಿಯ ಒತ್ತಡಕ್ಕೆ ಕೈಪಿಡಿಯೇ ಪ್ರಮಾಣ. ನಿಂಜಾ 650ಗೆ ಮುಂದೆ 32, ಹಿಂದೆ 36 ಪಿಎಸ್‌ಐ. ನಿಂಜಾ 1000 ಎಸ್‌ಎಕ್ಸ್‌ಗೆ 36 ಮತ್ತು 42. ಇವು ತಣ್ಣಗಿನ ಟೈರಿನ ಲೆಕ್ಕ, ಬೆಳಿಗ್ಗೆ ಹೊರಡುವ ಮುನ್ನ ಸ್ವಂತ ಗೇಜಿನಿಂದ ಅಳೆಯಬೇಕು. ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ಅಳೆದಾಗ ಹೆಚ್ಚು ತೋರಿಸಿತೆಂದು ಗಾಳಿ ಬಿಡಬೇಡಿ, ಬಿಸಿಯಾದ ಟೈರಿನಲ್ಲಿ ಒತ್ತಡ ಏರುವುದು ಸಹಜ. ಮಳೆಗಾಲದಲ್ಲಿ ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆ ಎಂಬ ನಂಬಿಕೆ ನಮ್ಮ ಸವಾರರಲ್ಲಿ ಬಲವಾಗಿದೆ. ಪರಿಣಾಮ ತದ್ವಿರುದ್ಧ: ಒತ್ತಡ ಕಡಿಮೆಯಾದಾಗ ತೋಡುಗಳು ಒತ್ತಿಕೊಂಡು ಮುಚ್ಚುತ್ತವೆ, ಟೈರ್ ಕಡಿಮೆ ವೇಗದಲ್ಲೇ ನೀರಿನ ಮೇಲೆ ತೇಲುತ್ತದೆ.

ಪಂಕ್ಚರ್ ಆದಾಗ ಟ್ರೆಡ್ಡಿನ ನಡುಭಾಗದ ಸಣ್ಣ ತೂತಿಗೆ ಮಾತ್ರ ದುರಸ್ತಿ ಸರಿ. ರಸ್ತೆಬದಿಯಲ್ಲಿ ಹೊರಗಿನಿಂದ ತುರುಕುವ ಬತ್ತಿಯನ್ನು ಊರು ಸೇರುವ ತಾತ್ಕಾಲಿಕ ಉಪಾಯವೆಂದೇ ತಿಳಿದು ನಿಧಾನವಾಗಿ ಓಡಿಸಿ, ಆಮೇಲೆ ಟೈರ್ ಕಳಚಿ ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಹಾಕಿಸಿ. ಭುಜದ ಭಾಗದಲ್ಲೋ ಬದಿಯಲ್ಲೋ ಮೊಳೆ ಹೊಕ್ಕಿದ್ದರೆ, ಟೈರ್ ನಿನ್ನೆಯಷ್ಟೇ ಹಾಕಿದ್ದಾದರೂ, ಅದನ್ನು ಬದಲಿಸಲೇಬೇಕು.